ಲೆಕ್ಕ ಕೇಳದ ನಂದಿ

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಕಡೆ ಮೋರ್ಟನ್-ಇನ್-ಮಾರ್ಷ್ ಅಂತ ಒಂದು ಸಂತೆ ಊರಿದೆ. ಅಲ್ಲಿಂದ ಸ್ವಲ್ಪ ದೂರ ಹೋದರೆ, ಕುರಿ ಮೇಯುವ ಗುಡ್ಡಗಳ ಮಧ್ಯೆ, ಮರಗಳ ಸಂದಿಯಿಂದ ಒಂದು ಹಸಿರು ಗುಮ್ಮಟ ಇಣುಕುತ್ತದೆ. ತಾಮ್ರದ ಗುಮ್ಮಟ, ಅಪ್ಪಟ ಮೊಘಲ್ ಆಕಾರ. ಮೂಲೆಗಳಲ್ಲಿ ಪುಟ್ಟ ಛತ್ರಿಗಳು. ಸೂರಿನ ಸುತ್ತ, ನಮ್ಮ ಗಾರೆಯವರು ‘ಸಜ್ಜಾ’ ಎನ್ನುತ್ತಾರಲ್ಲ, ಅಂಥದ್ದೇ ಆಳವಾದ ಕಲ್ಲಿನ ಸಜ್ಜಾ. ಕಿಟಕಿಗಳ ಮೇಲೆ ನವಿಲುಗರಿಯ ಹಾಗೆ ಬಿಚ್ಚಿಕೊಂಡ ಕಮಾನುಗಳು. ಮನೆಯ ಹೆಸರು ಸೆಜಿನ್‌ಕೋಟ್. ಇನ್ನೂರು ವರ್ಷ ದಾಟಿದೆ. ಮೊದಲ ದಿನದಿಂದ ಇವತ್ತಿನವರೆಗೂ ಖಾಸಗಿ ಸ್ವತ್ತು.

ಇಂಗ್ಲೆಂಡಿಗೆ ಹೋದ ನಮ್ಮ ಸಾಫ್ಟ್‌ವೇರ್ ಹುಡುಗರು ವಾರಾಂತ್ಯದಲ್ಲಿ ಟಿಕೆಟ್ ತಗೊಂಡು ಒಳಗೆ ಹೋಗಿ, ಗುಮ್ಮಟದ ಮುಂದೆ ನಿಂತು ಸೆಲ್ಫಿ ತೆಗೆದು, ‘ಇಂಗ್ಲೆಂಡಿನ ತಾಜ್‌ಮಹಲ್’ ಎಂದು ಸ್ಟೇಟಸ್ ಹಾಕುತ್ತಾರೆ. ಪ್ರವಾಸಿ ಲೇಖನಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇದನ್ನು ಭಾರತದ ಮೇಲಿನ ಇಂಗ್ಲಿಷರ ಪ್ರೀತಿಯ ಕುರುಹು ಎಂದು ಕರೆಯುತ್ತವೆ. ಪ್ರೀತಿಯೇ ಇರಬಹುದು. ಮನೆ ಬಿಟ್ಟು ಹೋಗುವಾಗ ಪಾತ್ರೆ ಪಗಡೆಯನ್ನೂ ಹೊತ್ತುಕೊಂಡು ಹೋದ ಬಾಡಿಗೆದಾರನಿಗೂ ಆ ಮನೆಯ ಮೇಲೆ ಒಂದು ಬಗೆಯ ಪ್ರೀತಿ ಇದ್ದೇ ಇರುತ್ತದೆ.

ಈ ಕಥೆಗೆ ಮೂವರು ಅಣ್ಣತಮ್ಮಂದಿರು ಬೇಕು. ಜಾನ್ ಕಾಕರೆಲ್, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಕರ್ನಲ್. ಚಾರ್ಲ್ಸ್ ಕಾಕರೆಲ್, ಕಲ್ಕತ್ತೆಯಲ್ಲಿ ಕಂಪನಿಯ ನೌಕರ, ಅದರ ಜೊತೆಗೇ ಲೇವಾದೇವಿಯ ಪಾಲುದಾರ. ಸ್ಯಾಮ್ಯುಯೆಲ್ ಪೀಪ್ಸ್ ಕಾಕರೆಲ್, ಲಂಡನ್ನಿನಲ್ಲಿ ಕಟ್ಟಡಗಳ ನಕ್ಷೆ ಬರೆಯುವ ವಾಸ್ತುಶಿಲ್ಪಿ. ಕಂಪನಿಯ ಕಟ್ಟಡಗಳ ಸರ್ವೇಯರ್ ಕೂಡ ಅವನೇ. ಹೆಸರಿನ ನಡುವಿನ ‘ಪೀಪ್ಸ್’ ನೋಡಿ ಅನುಮಾನ ಬಂದಿದ್ದರೆ ಸರಿಯೇ: 17ನೇ ಶತಮಾನದ ಲಂಡನ್ನಿನ ಗುಟ್ಟುಗಳನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟ ಸ್ಯಾಮ್ಯುಯೆಲ್ ಪೀಪ್ಸ್‌ನ ತಂಗಿಯ ವಂಶದವರು ಇವರು. ಆದರೆ ಬರೆದಿಡುವ ಚಟ ಮೊಮ್ಮಕ್ಕಳ ಕಾಲಕ್ಕೆ ಬಿಟ್ಟುಹೋಗಿತ್ತು ಎನಿಸುತ್ತದೆ. ದುಡ್ಡಿನ ವಿಷಯದಲ್ಲಂತೂ.

ಕರ್ನಲ್ ಸಾಹೇಬರು ಊರಿಗೆ ಮರಳಿ 1795ರಲ್ಲಿ ಈ ಎಸ್ಟೇಟ್ ಕೊಂಡರು. ಮೂರು ವರ್ಷ ಅನುಭವಿಸಿದರೋ ಇಲ್ಲವೋ, 1798ರಲ್ಲಿ ತೀರಿಕೊಂಡರು. ಆಸ್ತಿ ಚಾರ್ಲ್ಸ್ ಕೈಗೆ ಬಂತು. ಚಾರ್ಲ್ಸ್ ಜೇಬಿನಲ್ಲಿ ಕಲ್ಕತ್ತೆ ಇತ್ತು.

ಅದು ಅಲ್ಲಿಗೆ ಹೇಗೆ ಬಂತು ಎನ್ನುವುದೇ ಈ ಮನೆಯ ನಿಜವಾದ ವಾಸ್ತುಶಿಲ್ಪ. ಕಂಪನಿಯ ನೌಕರನ ಸಂಬಳ ಅಲ್ಪ. ಸಂಬಳದ ಆಸೆಗೆ ಆರು ತಿಂಗಳು ಹಡಗಿನಲ್ಲಿ ವಾಂತಿ ಮಾಡಿಕೊಂಡು ಬಂಗಾಳಕ್ಕೆ ಯಾರೂ ಬರುತ್ತಿರಲಿಲ್ಲ. ಖಾಸಗಿ ವ್ಯಾಪಾರ, ಗುತ್ತಿಗೆ, ನಜರಾನೆ, ‘ಉಡುಗೊರೆ’ — ಇವುಗಳಲ್ಲಿ ಇತ್ತು ಅಸಲು ಬೆಳೆ. ಬೆಳೆ ಬಂದ ಮೇಲೆ ಅದನ್ನು ಊರಿಗೆ ಸಾಗಿಸುವುದು ಹೇಗೆ? ಬೆಳ್ಳಿ ರೂಪಾಯಿಯ ಮೂಟೆ ಹೊತ್ತು ಹಡಗು ಹತ್ತಲಾದೀತೇ? ಆಗ ಬಂದವು ಏಜೆನ್ಸಿ ಹೌಸ್‌ಗಳು. ಕಲ್ಕತ್ತೆಯಲ್ಲಿ ರೂಪಾಯಿ ಕಟ್ಟು, ಲಂಡನ್ನಿನಲ್ಲಿ ಪೌಂಡು ಎಣಿಸಿಕೋ, ನಡುವೆ ನಮ್ಮ ಕಮಿಷನ್. ಇವತ್ತು ಇದೇ ಕೆಲಸ ಬೇರೆ ಹೆಸರಿನಲ್ಲಿ ನಡೆದರೆ ಬೆಳಗಿನ ಜಾವ ಇ.ಡಿ. ಅಧಿಕಾರಿಗಳು ಬಾಗಿಲು ತಟ್ಟುತ್ತಾರೆ. ಆಗ ಅದು ಪೂರ್ತಿ ಕಾನೂನುಬದ್ಧ, ಬಲು ಮರ್ಯಾದಸ್ಥರ ಕಸುಬು. ‘ಪ್ಯಾಕ್ಸ್‌ಟನ್, ಕಾಕರೆಲ್ ಅಂಡ್ ಟ್ರೇಲ್’ ಆ ಕಸುಬಿನ ದೊಡ್ಡ ಅಂಗಡಿಗಳಲ್ಲಿ ಒಂದು. ಲೂಟಿ ಮಾಡಿದವರ ಕೈಗೆ ಕೊಳೆ ಅಂಟಿರಬಹುದು. ಚಾರ್ಲ್ಸ್ ಕೈಗೆ ಅಂಟಿದ್ದು ಶಾಯಿ ಮಾತ್ರ.

ಪಾಲುದಾರ ವಿಲಿಯಂ ಪ್ಯಾಕ್ಸ್‌ಟನ್ ವಿಷಯ ಬಂದದ್ದರಿಂದ ದಾರಿ ಬಿಟ್ಟು ಎರಡು ಮಾತು. ಈತ ಕಲ್ಕತ್ತೆಯ ಟಂಕಸಾಲೆಯಲ್ಲಿ ಇದ್ದವನು. ಮರಳಿ ಬಂದು ವೇಲ್ಸಿನಲ್ಲಿ ಮಿಡಲ್ಟನ್ ಹಾಲ್ ಎಂಬ ಬಂಗಲೆ ಕಟ್ಟಿಸಿದ. ನಕ್ಷೆ ಬರೆದವನು ಮತ್ತದೇ ಸ್ಯಾಮ್ಯುಯೆಲ್ ಕಾಕರೆಲ್. ಅಣ್ಣತಮ್ಮಂದಿರ ಗಿರಾಕಿ ಹೊರಗೆ ಹೋಗಬಾರದಲ್ಲ. 1802ರಲ್ಲಿ ಕಾರ್ಮಾರ್ಥನ್‌ಶೈರ್ ಕ್ಷೇತ್ರದಿಂದ ಪಾರ್ಲಿಮೆಂಟ್ ಚುನಾವಣೆಗೆ ನಿಂತ. ಮತದಾರರಿಗೆ ಅವನು ಹಾಕಿಸಿದ ಊಟದ ಬಿಲ್ಲು ಇತಿಹಾಸದಲ್ಲಿ ಉಳಿದಿದೆ: 11,070 ಬೆಳಗಿನ ತಿಂಡಿ, 36,901 ಊಟ, 25,275 ಗ್ಯಾಲನ್ ಬಿಯರ್. ಒಟ್ಟು ಖರ್ಚು 15 ಸಾವಿರ ಪೌಂಡಿಗೂ ಮೇಲೆ. ಫಲಿತಾಂಶ: ಸೋಲು. ಉಂಡವರು ಉಂಡರು, ಕುಡಿದವರು ಕುಡಿದರು, ಓಟು ಇನ್ನೊಬ್ಬನಿಗೆ ಹಾಕಿದರು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಬಿರಿಯಾನಿ ಪೊಟ್ಟಣ ಮತ್ತು ಕುಕ್ಕರ್ ಹಂಚುವುದನ್ನು ನಾವೇ ಕಂಡುಹಿಡಿದೆವು ಎಂದು ಬೀಗುತ್ತಿರುವ ನಮ್ಮ ಪಕ್ಷಗಳು ಈ ಬಿಲ್ಲನ್ನು ಕಟ್ಟು ಹಾಕಿಸಿ ಕಚೇರಿಯಲ್ಲಿ ತೂಗುಹಾಕಬೇಕು. ಆ ಬಿಯರಿನ ಒಂದೊಂದು ಗ್ಯಾಲನ್ನಿನ ಹಿಂದೆಯೂ ಬಂಗಾಳದ ಯಾವುದೋ ರೈತ ಇದ್ದ ಎಂಬುದನ್ನು ಅಡಿಟಿಪ್ಪಣಿಯಲ್ಲಿ ಸೇರಿಸಿದರಾಯಿತು.

ಚಾರ್ಲ್ಸ್ ಇಂಥ ಹುಡುಗಾಟಕ್ಕೆ ಹೋಗಲಿಲ್ಲ. ಅವನು ಟ್ರೆಗನಿ, ಬ್ಲೆಚಿಂಗ್ಲಿಯಂಥ ಕ್ಷೇತ್ರಗಳನ್ನು ಆರಿಸಿಕೊಂಡ. ಅಲ್ಲಿ ಮತದಾರರು ಕಡಿಮೆ, ಬಹುಪಾಲು ಜನ ಯಾವುದೋ ಜಮೀನ್ದಾರನ ಹಿಡಿತದಲ್ಲಿ. 1832ರ ಸುಧಾರಣೆಯಲ್ಲಿ ಇಂಥ ಕ್ಷೇತ್ರಗಳನ್ನು ನಕ್ಷೆಯಿಂದಲೇ ಅಳಿಸಿದರು. ಆ ಹೊತ್ತಿಗೆ ಚಾರ್ಲ್ಸ್ ‘ಸರ್ ಚಾರ್ಲ್ಸ್’ ಆಗಿ ಕಾಲು ಶತಮಾನವೇ ಕಳೆಯುತ್ತ ಬಂದಿತ್ತು; 1809ರಲ್ಲೇ ಬ್ಯಾರನೆಟ್ ಪದವಿ ಸಿಕ್ಕಿತ್ತು. ಅದಕ್ಕೂ ಒಂದು ವರ್ಷ ಮೊದಲು ಲಾರ್ಡ್ ನಾರ್ತ್‌ವಿಕ್‌ನ ಮಗಳು ಹ್ಯಾರಿಯಟ್ ರಶೌಟ್‌ಳನ್ನು ಮದುವೆಯಾದ. ಮುಂದೆ ಅವನ ಮಗ ಏನು ಮಾಡಿದ ಗೊತ್ತೇ? ಕಾಕರೆಲ್ ಎಂಬ ಹೆಸರನ್ನೇ ಬಿಟ್ಟು ತಾಯಿಯ ಮನೆತನದ ರಶೌಟ್ ಹೆಸರು ಇಟ್ಟುಕೊಂಡ. ಕಲ್ಕತ್ತೆಯ ದುಡ್ಡನ್ನು ಇಟ್ಟುಕೊಳ್ಳಬಹುದು, ಕಲ್ಕತ್ತೆಯ ಹೆಸರು ಬೇಡ. ಊರಿನ ಹಳೆಯ ಶ್ರೀಮಂತರು ಭಾರತದಿಂದ ದುಡ್ಡು ಮಾಡಿಕೊಂಡು ಬಂದವರನ್ನು ‘ನಬಾಬ್’ ಎಂದು ಹಂಗಿಸುತ್ತಿದ್ದ ಕಾಲ ಅದು. ತಾವು ತಾತ ಮುತ್ತಾತಂದಿರ ಕಾಲದಲ್ಲಿ ಊರವರ ಗೋಮಾಳಕ್ಕೆ ಬೇಲಿ ಹಾಕಿ ದೊಡ್ಡವರಾಗಿದ್ದರಿಂದ, ಹೊರದೇಶದಲ್ಲಿ ಬೇಲಿ ಹಾಕಿ ಬಂದವರನ್ನು ಕಂಡರೆ ಅವರಿಗೆ ಅಸಹ್ಯ.

ಈಗ ಮನೆಗೆ ಬರೋಣ. 1805ರ ಸುಮಾರಿಗೆ ಚಾರ್ಲ್ಸ್ ತನ್ನ ಅಣ್ಣ ಸ್ಯಾಮ್ಯುಯೆಲ್‌ನನ್ನು ಕರೆದು ಮನೆ ಕಟ್ಟು ಎಂದ. ಸ್ಯಾಮ್ಯುಯೆಲ್ ಭಾರತ ನೋಡಿದವನಲ್ಲ. ಸಲಹೆಗೆ ಬಂದ ಉದ್ಯಾನ ಪಂಡಿತ ಹಂಫ್ರಿ ರೆಪ್ಟನ್ ಕೂಡ ನೋಡಿದವನಲ್ಲ. ಸಲಹೆ ಕೊಟ್ಟವರಲ್ಲಿ ನೋಡಿದ್ದವನು ಚಿತ್ರಕಾರ ಥಾಮಸ್ ಡೇನಿಯಲ್ ಒಬ್ಬನೇ. ಅವನು ಅಣ್ಣನ ಮಗ ವಿಲಿಯಂನನ್ನು ಕಟ್ಟಿಕೊಂಡು 1786ರಿಂದ ಹಲವು ವರ್ಷ ಭಾರತದ ಉದ್ದಗಲ ಅಲೆದವನು. 1792ರಲ್ಲಿ ಮದ್ರಾಸಿನಿಂದ ಹೊರಟು ನಮ್ಮ ಕಡೆಗೂ ಬಂದಿದ್ದ. ಶ್ರೀರಂಗಪಟ್ಟಣದ ಒಪ್ಪಂದಕ್ಕೆ ಟಿಪ್ಪು ಸಹಿ ಹಾಕಿ, ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಒಪ್ಪಿಕೊಂಡು, ಇಬ್ಬರು ಎಳೆಯ ಮಕ್ಕಳನ್ನು ಕಾರ್ನ್‌ವಾಲಿಸನ ಬಳಿ ಒತ್ತೆಯಿಟ್ಟ ವರ್ಷ. ಇಂಗ್ಲೆಂಡಿನ ಜನಕ್ಕೆ ಮೈಸೂರು ಸೀಮೆಯ ಚಿತ್ರಗಳೆಂದರೆ ಬಾಯಲ್ಲಿ ನೀರು. ಬಾರಾಮಹಲ್‌ನ ಬೆಟ್ಟದ ಕೋಟೆಗಳು, ರಾಯಕೋಟೆ, ಎಲ್ಲವನ್ನೂ ಡೇನಿಯಲ್‌ಗಳು ಬರೆದುಕೊಂಡರು. ಊರಿಗೆ ಹೋಗಿ 144 ಅಚ್ಚುಚಿತ್ರಗಳ ದೊಡ್ಡ ಸಂಪುಟಗಳನ್ನು ಹೊರತಂದರು. ಬಂದೂಕು ಹಿಡಿದು ಬಂದವರು ಕೋಟೆ ಗೆದ್ದರು. ಕುಂಚ ಹಿಡಿದು ಬಂದವರು ಅದನ್ನು ಡ್ರಾಯಿಂಗ್ ರೂಮಿಗೆ ಹೊಂದುವ ಅಳತೆಗೆ ಇಳಿಸಿದರು. ಎರಡನೆಯವರ ಮೇಲೆ ನನಗೆ ದೂರಿಲ್ಲ, ಚಿತ್ರಗಳು ಚೆನ್ನಾಗಿಯೇ ಇವೆ.

ಆ ಸಂಪುಟಗಳನ್ನು ಹರಡಿಕೊಂಡು ಅಣ್ಣತಮ್ಮಂದಿರು ಮನೆ ಆರಿಸಿದರು. ಗುಮ್ಮಟ ಒಂದು ಕಡೆಯದು, ಛತ್ರಿ ಇನ್ನೊಂದು ಕಡೆಯದು, ಕಮಾನು ಮತ್ತೊಂದು ಕಡೆಯದು. ಗೋರಿಯದು ಯಾವುದು, ಅರಮನೆಯದು ಯಾವುದು, ಗುಡಿಯದು ಯಾವುದು ಎಂದು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ಮನೆಯ ನೆತ್ತಿಯ ಮೇಲೆ ಮುಸಲ್ಮಾನರ ಗುಮ್ಮಟ, ಅಂಗಳದಲ್ಲಿ ಹಿಂದೂಗಳ ದೇವರು. ಕೋಮುಸೌಹಾರ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? ಎರಡೂ ಕಡೆಯ ಮನುಷ್ಯರು ಇಲ್ಲದಿದ್ದರೆ ಸೌಹಾರ್ದ ಎಷ್ಟು ಸುಲಭ.

ಸಜ್ಜಾ ವಿಚಾರವಂತೂ ಸೊಗಸಾಗಿದೆ. ಆಗ್ರಾದಲ್ಲಿ ಸಜ್ಜಾ ಹಾಕುವುದು ನೆತ್ತಿ ಸುಡುವ ಬಿಸಿಲಿಗೆ, ಆಮೇಲೆ ಬರುವ ಜಡಿಮಳೆಗೆ. ಗ್ಲಾಸ್ಟರ್‌ಶೈರಿನಲ್ಲಿ ಬಿಸಿಲು ಎನ್ನುವುದು ಅಪರೂಪಕ್ಕೆ ಬರುವ ನೆಂಟ. ಅವನು ಬಂದಾಗ ಒಳಗೆ ಬಿಡದ ಹಾಗೆ ಕಲ್ಲಿನ ಸಜ್ಜಾ ಅಡ್ಡ ನಿಂತಿದೆ. ಅದೇ ಮನೆಯ ಪಕ್ಕಕ್ಕೆ ಅರ್ಧಚಂದ್ರಾಕಾರವಾಗಿ ಬಾಗಿದ ಆರೆಂಜರಿ ಉಂಟು: ಸಾಲು ಸಾಲು ಗಾಜಿನ ಕಿಟಕಿ ಇಟ್ಟು, ಚಳಿದೇಶದಲ್ಲಿ ಬದುಕದ ಗಿಡಗಳಿಗಾಗಿ ಬಿಸಿಲನ್ನು ಹಿಡಿದಿಡುವ ಗಾಜುಮನೆ. ಒಂದು ಗೋಡೆ ಬಿಸಿಲನ್ನು ಓಡಿಸುತ್ತದೆ, ಇನ್ನೊಂದು ಗೋಡೆ ಕೈಮುಗಿದು ಕರೆಯುತ್ತದೆ. ಮನೆಯ ಇನ್ನೊಂದು ತುದಿಗೆ ಸರ್ ಚಾರ್ಲ್ಸ್ ಮಲಗುವ ಕೋಣೆ. ಅದನ್ನು ಗುಡಾರದ ಹಾಗೆ ಸಿಂಗರಿಸಲಾಗಿತ್ತು. ಶಾಯಿ ಅಂಟಿದ ಬೆರಳಿನ ಲೇವಾದೇವಿಗಾರ ರಾತ್ರಿ ಹೊತ್ತು ದಂಡಯಾತ್ರೆಯಲ್ಲಿರುತ್ತಿದ್ದ.

ಬಾಗಿಲು ದಾಟಿ ಒಳಗೆ ಕಾಲಿಟ್ಟರೆ ಭಾರತ ಮಾಯ! ಕಾಕರೆಲ್ ಕಟ್ಟಿಸಿದ ಒಳಾಂಗಣ ಪೂರಾ ಇಂಗ್ಲಿಷ್ ಪಾಠ: ಗ್ರೀಕ್-ರೋಮನ್ ಮಾದರಿಯ ಅಂದವಾದ ಕೋಣೆಗಳು, ತೇಲುವಂತೆ ಮೇಲೇರುವ ಮೆಟ್ಟಿಲು, ಮೊದಲ ಮಹಡಿಯಲ್ಲಿ ಅತಿಥಿಗಳಿಗೆ ದೊಡ್ಡ ಸಲೂನ್. ಈ ಜಾಣತನಕ್ಕೆ ತಲೆದೂಗಲೇಬೇಕು. ಭಾರತ ನೋಡುವುದಕ್ಕೆ ಚೆನ್ನ, ಇರುವುದಕ್ಕೆ ಇಂಗ್ಲೆಂಡೇ ಆಗಬೇಕು. ಮುಖಕ್ಕೆ ಮೊಘಲ್, ಹೊಟ್ಟೆಗೆ ಜಾರ್ಜಿಯನ್. ಕಂಪನಿ ಸರ್ಕಾರವನ್ನು ಇದಕ್ಕಿಂತ ಅಚ್ಚುಕಟ್ಟಾಗಿ ಕಲ್ಲಿನಲ್ಲಿ ಕಡೆದವರಿಲ್ಲ: ಅಲ್ಲೂ ಹೊರಗೆ ಮೊಘಲ್ ಬಾದಶಹನ ಹೆಸರಿನ ದಿವಾನಿ ಸನದು, ಫಾರ್ಸಿ ಮೊಹರು, ಒಳಗೆ ಲೆಡನ್‌ಹಾಲ್ ಬೀದಿಯ ಲೆಕ್ಕದ ಪುಸ್ತಕ.

ತೋಟಕ್ಕೆ ಹೋಗೋಣ. ಅಲ್ಲಿಯೇ ನಮ್ಮವರು ಸಿಗುವುದು.

ಮನೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳ. ಹಳ್ಳದ ಮೇಲೆ ‘ಇಂಡಿಯನ್ ಬ್ರಿಜ್’. ಸೇತುವೆಯ ಕೆಳಗಿನ ಕಂಬಗಳನ್ನು ಬೊಂಬಾಯಿ ಬಳಿಯ ಎಲಿಫೆಂಟಾ ಗುಹೆಯ ಕಂಬಗಳನ್ನು ನೆನೆದು ಮಾಡಿಸಿದ್ದು. ಸೇತುವೆಯ ಮೇಲೆ, ಅಡ್ಡಗೋಡೆಯ ಮೇಲೆ, ಕಾಲು ಮಡಚಿ ಕೂತಿವೆ ನಂದಿಗಳು. ಹಳ್ಳದ ಮೇಲ್ಭಾಗದಲ್ಲಿ ಒಂದು ಕೊಳ, ಕೊಳದ ದಂಡೆಯಲ್ಲಿ ಸೂರ್ಯನ ಗುಡಿ. ಸೂರ್ಯದೇವ ಕೋಡ್ ಸ್ಟೋನ್‌ನಲ್ಲಿ ಮೂಡಿದವನು. ಕೋಡ್ ಸ್ಟೋನ್ ಎಂದರೆ ಜೇಡಿಮಣ್ಣಿನ ಮಿಶ್ರಣವನ್ನು ಅಚ್ಚಿಗೆ ಒತ್ತಿ ಆವಿಗೆಯಲ್ಲಿ ಸುಟ್ಟ ಕೃತಕ ಕಲ್ಲು. ಎಲೀನರ್ ಕೋಡ್ ಎಂಬ ಜಾಣೆ ಹೆಂಗಸು ಲಂಡನ್ನಿನ ಲ್ಯಾಂಬೆತ್‌ನಲ್ಲಿ ಕಾರ್ಖಾನೆ ಇಟ್ಟು ಸಿಂಹ, ಕಲಶ, ದೇವತೆ ಎಂದು ಬೇಕಾದ್ದನ್ನು ಅಚ್ಚು ಹಾಕಿ ಮಾರುತ್ತಿದ್ದಳು. ನಮ್ಮ ಸೂರ್ಯನೂ ಹಾಗೆ ಆರ್ಡರ್ ಮೇಲೆ ಬಂದ. ಕೆಳಗೆ ಇನ್ನೊಂದು ಕೊಳದಲ್ಲಿ ಮೂರು ಹೆಡೆಯ ಹಾವು ಮರದ ಬೊಡ್ಡೆಗೆ ಸುತ್ತಿಕೊಂಡಿದೆ. ಅದು ಬಾಯಿಂದ ನೀರು ಚಿಮ್ಮಿಸುತ್ತದೆ.

ನಂದಿಗಳ ಬಗ್ಗೆ ಆಗ ಒಂದು ಚರ್ಚೆಯೇ ನಡೆಯಿತು. ಅವು ಇರುವ ಜಾಗ ಸರಿಯೋ, ಬೇರೆ ಕಡೆ ಇಡಬೇಕೋ ಎಂಬ ಪ್ರಶ್ನೆ ಎದ್ದಾಗ ಡೇನಿಯಲ್ ಸರ್ ಚಾರ್ಲ್ಸ್‌ಗೆ ಕಾಗದ ಬರೆದ. ದೇವಲೋಕದ ಶಿಲ್ಪಿ ವಿಶ್ವಕರ್ಮ ಒಮ್ಮೆ ಸೆಜಿನ್‌ಕೋಟ್‌ಗೆ ಇಣುಕಿದರೂ, ಬಸವಗಳು ಇದ್ದಲ್ಲೇ ಇರಲಿ ಅನ್ನುತ್ತಾನೆ, ಎಂಬುದು ಕಾಗದದ ತಾತ್ಪರ್ಯ. ಯೋಚಿಸಿ ನೋಡಿ. ಇಡೀ ಭಾರತದಲ್ಲಿ ಕಾಕರೆಲ್ ಮನೆತನ ಅಭಿಪ್ರಾಯ ಕೇಳಿದ್ದು ಒಬ್ಬನನ್ನೇ, ಅವನೂ ದೇವಲೋಕದವನು, ಅವನ ಉತ್ತರವನ್ನೂ ಡೇನಿಯಲ್ಲೇ ಬರೆದ. ಭೂಸ್ವಾಧೀನಕ್ಕೆ ಮೊದಲು ನಮ್ಮಲ್ಲಿ ನಡೆಸುವ ಸಾರ್ವಜನಿಕ ಅಹವಾಲು ಸಭೆಗಳಿಗೆ ಇದೇ ಮೂಲ ಮಾದರಿ ಇರಬಹುದು.

ಹೀಗೆ ಸೆಜಿನ್‌ಕೋಟ್‌ನಲ್ಲಿ ಖಾಯಂ ವಾಸಕ್ಕೆ ಅನುಮತಿ ಸಿಕ್ಕ ಭಾರತೀಯರು: ನಂದಿ, ಸೂರ್ಯ, ಒಂದು ಹಾವು. ಮೂವರೂ ವೀಸಾ ಕೇಳುವವರಲ್ಲ, ಸಂಬಳ ಕೇಳುವವರಲ್ಲ, ಮುಖ್ಯವಾಗಿ ಲೆಕ್ಕ ಕೇಳುವವರಲ್ಲ. ಬಸವನಗುಡಿಯ ನಂದಿಗಾದರೆ ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ ಉಂಟು, ಬೆಣ್ಣೆಯ ಅಲಂಕಾರ ಉಂಟು. ಇಲ್ಲಿಯ ಬಸವನ ಪಾಲಿಗೆ ಇರುವುದು ಪಾಚಿ.

ಸೆಜಿನ್‌ಕೋಟ್ ಒಂಟಿಯಲ್ಲ. ಹತ್ತಿರದಲ್ಲೇ ಡೇಲ್ಸ್‌ಫರ್ಡ್ ಇದೆ, ವಾರನ್ ಹೇಸ್ಟಿಂಗ್ಸನ ಮನೆ. ಇದರ ನಕ್ಷೆಯೂ ಸ್ಯಾಮ್ಯುಯೆಲ್‌ನದೇ. ಇಲ್ಲೂ ಗುಮ್ಮಟ ಇದೆ, ಸ್ವಲ್ಪ ನಾಚಿಕೊಂಡ ಗುಮ್ಮಟ. ನಾಚಿಕೆಗೆ ಕಾರಣವಿತ್ತು: 1788ರಲ್ಲಿ ಪಾರ್ಲಿಮೆಂಟು ಭಾರತದಲ್ಲಿನ ಭ್ರಷ್ಟಾಚಾರ, ದಬ್ಬಾಳಿಕೆಗಾಗಿ ಹೇಸ್ಟಿಂಗ್ಸನನ್ನು ಕಟಕಟೆಗೆ ಎಳೆಯಿತು. ಕಳೆದುಹೋಗಿದ್ದ ಪೂರ್ವಿಕರ ಎಸ್ಟೇಟನ್ನು ಅವನು ಮರಳಿ ಕೊಂಡದ್ದೂ ಅದೇ ವರ್ಷ. ವಿಚಾರಣೆ ಏಳು ವರ್ಷ ಎಳೆಯಿತು. ಅತ್ತ ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ ಎಡ್ಮಂಡ್ ಬರ್ಕ್ ಬಂಗಾಳದ ಜನರ ಕಣ್ಣೀರಿನ ವರ್ಣನೆ ಮಾಡುತ್ತಿದ್ದರೆ ಇತ್ತ ಮೇಸ್ತ್ರಿಗಳು ಸುಣ್ಣ ಕಲಸುತ್ತಿದ್ದರು. 1795ರಲ್ಲಿ ಖುಲಾಸೆ ಆಯಿತು. ಅಷ್ಟು ಹೊತ್ತಿಗೆ ಮನೆಯೂ ಸಿದ್ಧವಾಗಿತ್ತು. ನಮ್ಮ ನ್ಯಾಯಾಲಯಗಳು ನಿಧಾನ ಎಂದು ಗೊಣಗುವವರು ಈ ಪರಂಪರೆಯನ್ನು ಸ್ಮರಿಸಿಕೊಳ್ಳುವುದು ಒಳ್ಳೆಯದು. ಅದೂ ಅಲ್ಲಿಂದಲೇ ಬಂದದ್ದು.

ಡೇಲ್ಸ್‌ಫರ್ಡ್ ಇಂದು ಯಾರದ್ದು ಎಂದಿರಾ? ಲಾರ್ಡ್ ಬ್ಯಾಮ್‌ಫರ್ಡ್ ಅವರದು. ಗೊತ್ತಾಗಲಿಲ್ಲವೇ? ಜೆಸಿಬಿ! ಜೆ.ಸಿ. ಬ್ಯಾಮ್‌ಫರ್ಡ್ ಹೆಸರಿನ ಮೊದಲಕ್ಷರಗಳೇ ಆ ಹಳದಿ ಯಂತ್ರದ ಮೇಲಿರುವುದು. ಕರ್ನಾಟಕದ ಯಾವ ಮೂಲೆಗೆ ಹೋಗಿ ಯಾವ ಮಗುವನ್ನು ಕೇಳಿದರೂ ಗೊತ್ತಿರುವ ಏಕೈಕ ಬ್ರಿಟಿಷ್ ಮನೆತನದ ಹೆಸರು ಅದು. ಕೆರೆ ಹೂಳೆತ್ತಲು ಜೆಸಿಬಿ, ಒತ್ತುವರಿ ತೆರವಿಗೆ ಜೆಸಿಬಿ, ಗೆದ್ದ ಶಾಸಕನ ಮೇಲೆ ಹೂ ಸುರಿಯಲೂ ಜೆಸಿಬಿ. ಇದರಲ್ಲಿ ಮಾಲೀಕರ ತಪ್ಪೇನೂ ಇಲ್ಲ, ಅವರು ಯಂತ್ರ ಮಾಡಿ ಮಾರಿದರು, ಕೈತೋಟಕ್ಕೆ ಹೆಸರಾದ ಮನೆ ಕೊಂಡರು. ಆದರೂ ಹೇಸ್ಟಿಂಗ್ಸನ ಅಂಗಳ ಕೊನೆಗೆ ಜೆಸಿಬಿಯವರ ಪಾಲಾದದ್ದು ಕೇಳಿ, ನೆಲ ಕಳೆದುಕೊಂಡ ನಮ್ಮ ರೈತನೊಬ್ಬ ನಕ್ಕರೆ ಅವನನ್ನು ತಡೆಯಬೇಡಿ.

ಸೆಜಿನ್‌ಕೋಟ್‌ನ ಭಾಗ್ಯ ಖುಲಾಯಿಸಿದ್ದು 1807ರಲ್ಲಿ. ವೇಲ್ಸಿನ ರಾಜಕುಮಾರ, ಮುಂದೆ ನಾಲ್ಕನೆಯ ಜಾರ್ಜ್ ಆದವನು, ನೋಡಲು ಬಂದ. ಅವನಿಗೆ ಸಾಲ ಎಷ್ಟಿತ್ತೋ ಶೋಕಿ ಅದರ ಎರಡರಷ್ಟು. ನೋಡಿದ್ದೇ ತಡ, ತನಗೂ ಒಂದು ಬೇಕು ಎಂದ. ರೆಪ್ಟನ್ ಬ್ರೈಟನ್ನಿನ ಅರಮನೆಗಾಗಿ ಆಗಲೇ ಭಾರತೀಯ ಶೈಲಿಯ ನಕ್ಷೆ ಬರೆದು ಕಾದಿದ್ದ. ಕಾದದ್ದೇ ಬಂತು, ಕೆಲಸ ಸಿಕ್ಕಿದ್ದು ಜಾನ್ ನ್ಯಾಶ್‌ಗೆ. ನ್ಯಾಶ್ ಕೂಡ ಭಾರತ ನೋಡಿದವನಲ್ಲ. 1815ರಿಂದ ಶುರುವಾಗಿ ಎದ್ದು ನಿಂತಿತು ಬ್ರೈಟನ್ ಪೆವಿಲಿಯನ್: ಹೊರಗೆ ಗುಮ್ಮಟಗಳ ಸಂತೆ, ಒಳಗೆ ಚೀನಾ. ಹೊರಗೊಂದು ದೇಶ, ಒಳಗೊಂದು ದೇಶ ಇಡುವ ಪಾಠವನ್ನು ರಾಜಕುಮಾರ ಸೆಜಿನ್‌ಕೋಟ್‌ನಿಂದ ಚೆನ್ನಾಗಿಯೇ ಕಲಿತಿದ್ದ.

ಆ ಪೆವಿಲಿಯನ್ನಿಗೆ ಸುಮಾರು ನೂರು ವರ್ಷದ ಮೇಲೆ ನಿಜವಾದ ಭಾರತೀಯರು ಬಂದರು. ಫ್ರಾನ್ಸಿನ ಕಂದಕಗಳಲ್ಲಿ ಜರ್ಮನರ ಗುಂಡು ತಿಂದ ಸಿಪಾಯಿಗಳು. 1914ರ ಡಿಸೆಂಬರಿನಿಂದ ಪೆವಿಲಿಯನ್ ಭಾರತೀಯ ಸೈನಿಕರ ಆಸ್ಪತ್ರೆಯಾಯಿತು. ಡ್ರ್ಯಾಗನ್‌ಗಳು ಹಿಡಿದ ತೂಗುದೀಪದ ಕೆಳಗೆ ಕಬ್ಬಿಣದ ಮಂಚಗಳ ಸಾಲು. ಜಾತಿ ಧರ್ಮ ನೋಡಿ ಒಂಬತ್ತು ಅಡುಗೆಮನೆ, ಹಿಂದೂಗಳಿಗೂ ಮುಸಲ್ಮಾನರಿಗೂ ಬೇರೆ ಬೇರೆ ನಲ್ಲಿ. ಗುಮ್ಮಟಗಳನ್ನು ಕಂಡು ಇವರಿಗೆ ಮನೆಯ ನೆನಪಾಗಲಿ ಎಂಬ ಕಾಳಜಿಯೂ ಇತ್ತಂತೆ. ಗಡ್‌ವಾಲಿನ ಹಳ್ಳಿಯ ಹುಡುಗ ಹುಟ್ಟಿದ ಮನೆಗೆ ಗುಮ್ಮಟ ಎಲ್ಲಿಂದ ಬರಬೇಕು? ಸತ್ತ ಹಿಂದೂ, ಸಿಖ್ ಸೈನಿಕರಲ್ಲಿ 53 ಮಂದಿಯನ್ನು ಊರ ಹೊರಗಿನ ಗುಡ್ಡದ ಮೇಲೆ ಸುಟ್ಟರು. 1921ರಲ್ಲಿ ಅಲ್ಲೊಂದು ಬಿಳಿಯ ಛತ್ರಿ ಎದ್ದಿತು. ನಕ್ಷೆ ಬರೆದವನು ಈ ಬಾರಿ ಭಾರತದವನೇ, ಇ.ಸಿ. ಹೆನ್ರಿಕ್ಸ್. ರಾಜಸ್ಥಾನದಲ್ಲಿ ಛತ್ರಿ ಕಟ್ಟುವುದು ಸತ್ತವರ ನೆನಪಿಗೆ. ಸೆಜಿನ್‌ಕೋಟ್‌ನ ಸೂರಿನ ಮೇಲೆ ಅದನ್ನು ಚೆಂದಕ್ಕೆ ಇಟ್ಟು ಶತಮಾನ ಕಳೆದ ಮೇಲೆ, ಇಂಗ್ಲೆಂಡಿನಲ್ಲಿ ಒಂದು ಛತ್ರಿಗೆ ಅದರ ಸರಿಯಾದ ಕೆಲಸ ಸಿಕ್ಕಿತು.

ಇತ್ತ ಸೆಜಿನ್‌ಕೋಟ್ 1884ರಲ್ಲಿ ಡಗ್‌ಡೇಲ್ ಎಂಬ ಮನೆತನಕ್ಕೆ ಮಾರಾಟವಾಯಿತು. 1944ರಲ್ಲಿ ಸಿರಿಲ್ ಕ್ಲೈನ್‌ವರ್ಟ್ ಎಂಬ ಲಂಡನ್ನಿನ ಬ್ಯಾಂಕರ್ ಕೊಂಡ. ಲೇವಾದೇವಿಯಲ್ಲಿ ಹುಟ್ಟಿದ ಮನೆ ಲೇವಾದೇವಿಗೇ ಮರಳಿತು. ತವರು ಸೇರಿದ ಹಾಗಾಯಿತು. ಹಾಳುಬೀಳುತ್ತಿದ್ದ ಮನೆಯನ್ನು ಅವರು ರಿಪೇರಿ ಮಾಡಿಸಿದರು, ಗ್ರಹಾಂ ಸ್ಟುವರ್ಟ್ ಥಾಮಸ್ ಎಂಬ ಉದ್ಯಾನತಜ್ಞನನ್ನು ಕರೆಸಿ ತೋಟ ಎಬ್ಬಿಸಿದರು. ಸತ್ಯ ಹೇಳಬೇಕೆಂದರೆ ಚೆನ್ನಾಗಿಯೇ ನೋಡಿಕೊಂಡಿದ್ದಾರೆ. ನಮ್ಮ ಪುರಾತತ್ವ ಇಲಾಖೆಯ ನೀಲಿ ಬೋರ್ಡಿನ ಕೆಳಗೆ ಎಮ್ಮೆ ಕಟ್ಟಿರುವುದನ್ನು ನೋಡಿದ ನನ್ನಂಥವರು ಈ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರುವುದೇ ಲೇಸು.

ಖಾಸಗಿ ಮನೆಯಾಗಿರುವುದರಲ್ಲಿ ಇನ್ನೊಂದು ಅನುಕೂಲವುಂಟು. ಇಂಗ್ಲೆಂಡಿನಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಇಂಥ ನೂರಾರು ಹಳೆಯ ಬಂಗಲೆಗಳನ್ನು ನೋಡಿಕೊಳ್ಳುತ್ತದೆ. 2020ರಲ್ಲಿ ಅದು ಒಂದು ವರದಿ ತಂದು, ತನ್ನ 93 ತಾಣಗಳಿಗೆ ಗುಲಾಮಗಿರಿ ಅಥವಾ ವಸಾಹತು ದುಡ್ಡಿನ ನಂಟಿದೆ ಎಂದು ಹೇಳಿತು. ಅಷ್ಟು ಹೇಳಿದ್ದೇ ತಡ, ಎಂ.ಪಿ.ಗಳು ಸಿಟ್ಟಾದರು, ಪತ್ರಿಕೆಗಳು ಬೆಂಕಿಯಾದವು, ದತ್ತಿ ಆಯೋಗಕ್ಕೆ ದೂರು ಹೋಯಿತು. ಆಯೋಗ ನೋಡಿ, ಟ್ರಸ್ಟ್ ಕಾನೂನು ಮೀರಿಲ್ಲ ಎಂದಿತು. ಸಿಟ್ಟಿಗೆ ಕಾರಣ ವರದಿ ಸುಳ್ಳೆಂದಲ್ಲ. ಭಾನುವಾರ ಮಧ್ಯಾಹ್ನ ಚಹಾದ ಜೊತೆ ಸ್ಕೋನ್ ತಿನ್ನಲು ಬಂದವರಿಗೆ ಇದನ್ನೆಲ್ಲ ಯಾಕೆ ಹೇಳಬೇಕು ಎಂದು. ಆ ಟ್ರಸ್ಟ್‌ನ ಪೋವಿಸ್ ಕ್ಯಾಸಲ್‌ನಲ್ಲಿ ಟಿಪ್ಪುವಿನ ಗುಡಾರ ಇದೆ, ಹೂಬಳ್ಳಿಯ ಅಚ್ಚಿನ ಬಟ್ಟೆಯದು. 1799ರಲ್ಲಿ ಮದ್ರಾಸಿನ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವ್‌ನ ಮನೆತನ ಅದನ್ನು ಎಷ್ಟೋ ಕಾಲ ತೋಟದ ಪಾರ್ಟಿಗಳಿಗೆ ಶಾಮಿಯಾನ ಮಾಡಿಕೊಂಡಿತ್ತು. ಶಾಮಿಯಾನದ ಕೆಳಗೆ ಕೂತವರು ಸ್ಯಾಂಡ್‌ವಿಚ್ ಚೆನ್ನಾಗಿದೆ ಎಂದರೇ ಹೊರತು ಬಟ್ಟೆ ಯಾವ ಅಂಗಡಿಯದು ಎಂದು ಕೇಳಿರಲಾರರು. ಖಾಸಗಿ ಮನೆಗೆ ಇಂಥ ವರದಿ ತರುವ ಹಂಗಿಲ್ಲ. ತನ್ನ ಇತಿಹಾಸವನ್ನು ತಾನೇ ಬರೆದುಕೊಂಡು ತನ್ನ ಟಿಕೆಟ್ ಕೌಂಟರಿನಲ್ಲಿ ಮಾರಿಕೊಳ್ಳಬಹುದು.

ನಮಗೆ ಈ ಶೈಲಿ ಪರಿಚಯವಿಲ್ಲವೇ? ಧಾರಾಳವಾಗಿದೆ, ಬಡ್ಡಿ ಸಮೇತ ವಾಪಸು ಬಂದಿದೆ. ಇಂಗ್ಲಿಷರು ತಮ್ಮ ಊರಿನಲ್ಲಿ ಮೊಘಲ್ ಗುಮ್ಮಟ ಇಡುವುದನ್ನು ರೂಢಿ ಮಾಡಿಕೊಂಡ ಮೇಲೆ, 19ನೇ ಶತಮಾನದ ಕೊನೆಗೆ ಅದನ್ನೇ ‘ಇಂಡೋ-ಸಾರಸೆನಿಕ್’ ಎಂದು ನಮ್ಮ ಮಹಾರಾಜರಿಗೆ ಕಲಿಸಿಕೊಟ್ಟರು. 1897ರಲ್ಲಿ ಮೈಸೂರಿನ ಮರದ ಅರಮನೆ ಮದುವೆಯ ಹೊತ್ತಿನಲ್ಲಿ ಸುಟ್ಟುಹೋದಾಗ ಹೊಸದರ ನಕ್ಷೆ ಬರೆದವನು ಹೆನ್ರಿ ಅರ್ವಿನ್. 41 ಲಕ್ಷಕ್ಕೂ ಮೇಲೆ ಖರ್ಚಾಗಿ 1912ರಲ್ಲಿ ಮುಗಿಯಿತು. ಕಲ್ಯಾಣ ಮಂಟಪದ ಎರಕದ ಕಂಬಗಳು ಗ್ಲಾಸ್ಗೋದಿಂದ ಬಂದವು. ಭಾರತೀಯನೊಬ್ಬ ಭಾರತೀಯವಾಗಿ ಕಾಣಬೇಕಾದರೆ ಇಂಗ್ಲಿಷರಿಂದ ಡಿಸೈನ್, ಸ್ಕಾಟ್ಲೆಂಡಿನಿಂದ ಕಬ್ಬಿಣ.

ಬೆಂಗಳೂರಿನಲ್ಲಿ ಇದರ ತಿರುವುಮುರುವು ಇದೆ. ಸೆಂಟ್ರಲ್ ಹೈಸ್ಕೂಲಿನ ಪ್ರಿನ್ಸಿಪಾಲ್ ಆಗಿದ್ದ ಪಾದ್ರಿ ಗ್ಯಾರೆಟ್ 1862ರ ಸುಮಾರಿಗೆ, ಆಗ ಊರಾಚೆ ಇದ್ದ ಬಯಲಿನಲ್ಲಿ, ಇಂಗ್ಲಿಷ್ ಕೋಟೆಯ ಮಾದರಿಯ ಬುರುಜುಗಳಿರುವ ಮನೆ ಕಟ್ಟಿಸಲು ಶುರುಮಾಡಿದ. 1873ರಲ್ಲಿ ಬಾಲಕ ಚಾಮರಾಜೇಂದ್ರ ಒಡೆಯರ ಬ್ರಿಟಿಷ್ ಪಾಲಕರು ಅದನ್ನು ಒಡೆಯರ ದುಡ್ಡಿನಲ್ಲಿಯೇ ಕೊಂಡರು. ಮೇಷ್ಟ್ರ ಮನೆ ಬೆಂಗಳೂರು ಅರಮನೆಯಾಯಿತು. ಹಿಮ ಬೀಳದ ಊರಿನಲ್ಲಿ ಹಿಮದೇಶದ ಬುರುಜು, ಐವಿ ಬಳ್ಳಿ. ಅದೂ ಖಾಸಗಿ ಸ್ವತ್ತೇ ಎನ್ನುತ್ತದೆ ಒಡೆಯರ ಮನೆತನ. ಸುತ್ತಲಿನ 472 ಎಕರೆ ಯಾರದು ಎಂಬ ಬಗ್ಗೆ 1996ರಲ್ಲಿ ಸರ್ಕಾರ ಕಾಯ್ದೆ ಮಾಡಿದಂದಿನಿಂದ ವ್ಯಾಜ್ಯ ನಡೆಯುತ್ತಲೇ ಇದೆ. ಸೆಜಿನ್‌ಕೋಟ್‌ಗೆ ಆ ತಲೆನೋವಿಲ್ಲ. ಅದನ್ನು ಕಟ್ಟಿದ ದುಡ್ಡಿನ ಮೇಲೆ ಹಕ್ಕು ಸಾಧಿಸಬೇಕಾದವರಿಗೆ ಗ್ಲಾಸ್ಟರ್‌ಶೈರಿನ ಕೋರ್ಟಿನ ವಿಳಾಸ ಗೊತ್ತಿರಲಿಲ್ಲ.

ಈಗ ಎರಡು ಕಡೆಯೂ ನಡೆಯುವುದು ಒಂದೇ ದಂಧೆ, ಮದುವೆ. ಬೇಸಿಗೆಯಲ್ಲಿ ಸೆಜಿನ್‌ಕೋಟ್‌ನ ಆರೆಂಜರಿಯಲ್ಲಿ ಇಂಗ್ಲಿಷ್ ಹುಡುಗಿಯರು ಬಿಳಿ ಗೌನು ತೊಟ್ಟು, ಬಂಗಾಳದ ದುಡ್ಡಿನ ಗುಮ್ಮಟವನ್ನು ಹಿಂದೆ ಇಟ್ಟುಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ಅರಮನೆ ಮೈದಾನದಲ್ಲಿ ನಮ್ಮ ಗುತ್ತಿಗೆದಾರರ, ಶಾಸಕರ ಮಕ್ಕಳ ಮದುವೆಗೆ ಥರ್ಮೊಕೋಲಿನಲ್ಲಿ ಒಂದೇ ರಾತ್ರಿಗೆ ಮೊಘಲ್ ಗುಮ್ಮಟವೋ ವೆನಿಸ್ಸೋ ಎದ್ದು ನಿಲ್ಲುತ್ತದೆ. ಆ ದುಡ್ಡು ಎಲ್ಲಿಂದ ಬಂತೆಂದು ಊಟದ ಪಂಕ್ತಿಯಲ್ಲಿ ಕೇಳುವವನಿಲ್ಲ, ಎರಡನೆಯ ಸಲ ಹೋಳಿಗೆ ಬಂತಾ ಎಂದು ಕೇಳುತ್ತಾರೆ. ಒಳ್ಳೆಯ ಲಗ್ನದ ಸಂಜೆ ಮೇಖ್ರಿ ಸರ್ಕಲ್ ದಾಟಬೇಕಿದ್ದವರು ಮಾತ್ರ ಸ್ವಲ್ಪ ಬೇಗ ಹೊರಡಿ. ವಿಮಾನ ತಪ್ಪಿಸಿಕೊಂಡರೆ ಲಂಡನ್ನಿನ ಟಿಕೆಟ್ಟಿನ ದುಡ್ಡು ವಾಪಸು ಕೊಡುವುದಿಲ್ಲ.